ವಿಲ್ಲಿ ಸರ್ ಸೋಲೋ ಕದ್ದವರು ಯಾರು?

ಬೆಂಗಳೂರಿನ ಕಂಟೋನ್ಮೆಂಟ್ ಕಡೆ ಒಂದು ಹಳೇ ರೆಸ್ಟೋರೆಂಟ್. ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿ ಜಾಝ್ ಸಂಗೀತ.

ಆ ಬ್ಯಾಂಡ್‌ನ ಯಜಮಾನರು ವಿಲ್ಫ್ರೆಡ್ ರೆಬೆಲ್ಲೊ. ಮಂಗಳೂರಿನವರು, ವಯಸ್ಸು ಅರವತ್ತು ದಾಟಿತ್ತು. ಎಲ್ಲರ ಬಾಯಲ್ಲೂ ವಿಲ್ಲಿ ಸರ್.

ಮುಂಬೈ ಹೋಟೆಲುಗಳಲ್ಲಿ, ಪ್ರವಾಸದ ಹಡಗುಗಳಲ್ಲಿ ಟ್ರಂಪೆಟ್ ಊದಿ ಹೆಸರು ಮಾಡಿದವರು. ಕೊನೆಯ ಹಾಡಲ್ಲಿ ಅವರು ಏರಿಸುವ ಆ ಒಂದು ಎತ್ತರದ ಸ್ವರ ಕೇಳೋಕೆ ಅಂತಲೇ ಜನ ಟೇಬಲ್ ಬುಕ್ ಮಾಡುತ್ತಿದ್ದರು...

ಆ ವರ್ಷ ಬ್ಯಾಂಡ್‌ಗೆ ಹೊಸ ಪಿಯಾನೋ ವಾದಕಿ ಬಂದಳು. ಶಾಂಭವಿ, ಧಾರವಾಡದವಳು. ಮಾತು ಕಡಿಮೆ, ಕೈ ಚುರುಕು.

ಮೊದಮೊದಲು ವಿಲ್ಲಿ ಸರ್‌ಗೆ ಖುಷಿಯೇ ಆಯಿತು. ಆಮೇಲೆ ಶುರುವಾಯಿತು ನೋಡಿ, ಅನುಮಾನ.

ಜಾಝ್‌ನಲ್ಲಿ ಸೋಲೋ ಅಂದರೆ ಒಬ್ಬರ ಸರದಿ. ಅವರು ಮನಸ್ಸು ಬಂದ ಹಾಗೆ ನುಡಿಸುತ್ತಾರೆ, ಉಳಿದವರು ಹಿಂದೆ ಮೆಲ್ಲಗೆ ಜೊತೆ ಕೊಡಬೇಕು.

ಆದರೆ ಈ ಹುಡುಗಿ... ವಿಲ್ಲಿ ಸರ್ ಸ್ವರ ಏರಿಸುವ ಹೊತ್ತಿಗೆ ಸರಿಯಾಗಿ ಪಿಯಾನೋ ಜೋರು ಮಾಡುತ್ತಿದ್ದಳು! ಅವರ ಸೋಲೋ ಒಳಗೇ ನುಗ್ಗುತ್ತಿದ್ದಳು!

ಒಮ್ಮೆಯಾದರೆ ಮರೆವು ಅನ್ನಬಹುದು. ಪ್ರತಿ ವಾರವೂ?

ಡ್ರಮ್ಸ್ ನುಡಿಸುವ ಆಲ್ವಿನ್, ವಿಲ್ಲಿ ಸರ್‌ಗೆ ಹಳೇ ಸ್ನೇಹಿತ. ಅವನೂ ಶಾಂಭವಿಯೂ ಮೂಲೆಯಲ್ಲಿ ಏನೋ ಪಿಸುಗುಟ್ಟುತ್ತಿದ್ದರು. ಇವರು ಹತ್ತಿರ ಹೋದರೆ ಇಬ್ಬರೂ ಗಪ್‌ಚುಪ್.

"ಏನೋ ಅದು ಗುಟ್ಟು?" ಅಂತ ಕೇಳಿದರೆ ಆಲ್ವಿನ್, "ಏನಿಲ್ಲ ವಿಲ್ಲಿ, ಸುಮ್ನೆ..." ಅಂತ ಮುಖ ತಿರುಗಿಸುತ್ತಿದ್ದ.

ಒಂದು ಭಾನುವಾರ ಶೋ ಮುಗಿದ ಮೇಲೆ ಒಬ್ಬ ಗಿರಾಕಿ ಸ್ಟೇಜ್ ಹತ್ತಿರ ಬಂದ. ವಿಲ್ಲಿ ಸರ್ ನಗುತ್ತಾ ಕೈ ಚಾಚಿದರು. ಅವನು ಅವರನ್ನು ದಾಟಿ ಹೋಗಿ ಶಾಂಭವಿಯ ಕೈ ಕುಲುಕಿದ!

ಅವತ್ತು ಅವರಿಗೆ ಊಟ ಸೇರಲಿಲ್ಲ. ಹೆಂಡತಿ ಗ್ಲ್ಯಾಡಿಸ್ ಮುಂದೆ ಹಲ್ಲು ಕಡಿದರು.

"ಕಳ್ಳಿ ಅವಳು! ನನ್ನ ಮೆಟ್ಟಿಲು ಮಾಡ್ಕೊಂಡು ಮೇಲೆ ಹತ್ತೋಕೆ ನೋಡ್ತಿದ್ದಾಳೆ. ಆಲ್ವಿನ್‌ನೂ ಬುಟ್ಟಿಗೆ ಹಾಕ್ಕೊಂಡಿದ್ದಾಳೆ."

"ಅವಳನ್ನೇ ಕೇಳಿಬಿಡಿ," ಅಂದರು ಗ್ಲ್ಯಾಡಿಸ್.

"ಕಳ್ಳರು ಒಪ್ಕೊಳ್ತಾರಾ?"

ಮರುದಿನವೇ ರೆಸ್ಟೋರೆಂಟ್ ಮಾಲೀಕರ ಹತ್ತಿರ ಹೋಗಿ, "ಬೇರೆ ಪಿಯಾನೋದವರನ್ನ ನೋಡಿ. ಇವಳು ಬೇಡ," ಅಂದುಬಿಟ್ಟರು. ಮಾಲೀಕರು ಕಾರಣ ಕೇಳಿದಾಗ, "ಸಾಕ್ಷಿ ಸಮೇತ ತೋರಿಸ್ತೀನಿ," ಅಂದರು.

ಸೌಂಡ್ ನೋಡಿಕೊಳ್ಳುವ ಇಕ್ಬಾಲ್‌ಗೆ ಗುಟ್ಟಾಗಿ ಹೇಳಿದರು... "ಈ ಭಾನುವಾರ ಒಂದೊಂದು ವಾದ್ಯಾನೂ ಬೇರೆ ಬೇರೆ ರೆಕಾರ್ಡ್ ಮಾಡು. ಯಾರಿಗೂ ಹೇಳ್ಬೇಡ."

ಮುಂದಿನ ಪ್ರಾಕ್ಟೀಸ್ ದಿನ ಎಲ್ಲರನ್ನೂ ಕೂರಿಸಿದರು. ಮಾಲೀಕರನ್ನೂ ಕರೆಸಿದರು. ಭಾನುವಾರದ ರೆಕಾರ್ಡಿಂಗ್ ಹಾಕಿಸಿದರು.

ಸೋಲೋ ಬಂತು. ಸ್ವರ ಏರುವ ಜಾಗದಲ್ಲಿ ಪಿಯಾನೋ ಜೋರಾಯಿತು.

"ಕೇಳಿದ್ರಾ?" ವಿಲ್ಲಿ ಸರ್ ಮೇಜು ಗುದ್ದಿದರು. "ನನ್ನ ಸ್ವರಾನ ಈ ಕಳ್ಳಿ ಹೆಂಗೆ ಮುಚ್ಚಿ ಹಾಕ್ತಾಳೆ ಕೇಳಿ! ಇಕ್ಬಾಲ್, ಪಿಯಾನೋ ತೆಗಿ. ನನ್ನ ಟ್ರಂಪೆಟ್ ಮಾತ್ರ ಹಾಕು. ಏನು ಮುಚ್ಚಿದ್ದಾಳೆ ಅಂತ ಎಲ್ರಿಗೂ ಗೊತ್ತಾಗ್ಲಿ!"

ಇಕ್ಬಾಲ್ ಕೈ ತಡೆಯಿತು. "ಸರ್... ಬೇಡ ಬಿಡಿ."

"ಹಾಕು ಅಂದೆ!"

ಅವನು ಹಾಕಿದ.

ಟ್ರಂಪೆಟ್ ಒಂದೇ ಕೇಳಿಸಿತು.

ಉಸಿರು ಮಧ್ಯದಲ್ಲೇ ಕಡಿಯುತ್ತಿತ್ತು. ಸ್ವರ ನಡುಗುತ್ತಿತ್ತು. ಮೇಲಕ್ಕೆ ಏರಬೇಕಾದ ಜಾಗದಲ್ಲಿ ಬರೀ ಗಾಳಿಯ ಸದ್ದು... ಆ ಎತ್ತರದ ಸ್ವರ ಅಲ್ಲಿ ಇರಲೇ ಇಲ್ಲ.

ಅದನ್ನು ನುಡಿಸಿದ್ದು ಪಿಯಾನೋ.

ಸ್ಟೇಜ್ ಮೇಲೆ ಅಷ್ಟು ಸದ್ದಿನ ನಡುವೆ ವಿಲ್ಲಿ ಸರ್ ಕಿವಿಗೆ ತಮ್ಮ ಹಳೇ ದಿನಗಳ ಟ್ರಂಪೆಟ್ ನಾದವೇ ಕೇಳಿಸುತ್ತಿತ್ತು. ಇವತ್ತಿನ ನಿಜವಾದ ನಾದ ಈಗ ಮೊದಲ ಸಲ ಕೇಳಿಸಿತು.

ಯಾರೂ ತಲೆ ಎತ್ತಲಿಲ್ಲ.

ಆಲ್ವಿನ್ ಮೆಲ್ಲಗೆ ಹೇಳಿದ. "ನಿನ್ನ ಉಸಿರು ಸಾಲ್ತಿಲ್ಲ ವಿಲ್ಲಿ. ತುಂಬಾ ದಿನ ಆಯ್ತು. ನಾನೇ ಹೇಳ್ಬೇಕಿತ್ತು... ಧೈರ್ಯ ಬರ್ಲಿಲ್ಲ. ನಿನ್ನ ಸ್ವರ ಎಲ್ಲಿ ಬೀಳುತ್ತೆ, ಎಲ್ಲಿ ಹಿಡೀಬೇಕು... ಅದನ್ನೇ ನಾವಿಬ್ರೂ ಮಾತಾಡ್ಕೊಳ್ತಿದ್ದದ್ದು."

ವಿಲ್ಲಿ ಸರ್ ಶಾಂಭವಿ ಕಡೆ ನೋಡಿದರು. ಅವಳ ಕಣ್ಣು ತುಂಬಿತ್ತು.

"ಹೇಳಿದ್ರ ನೀವು ಅವತ್ತ ಟ್ರಂಪೆಟ್ ಕೆಳಗ ಇಟ್ಟಬಿಡ್ತಿದ್ರಿ ಸರ್," ಅಂದಳು. "ನಿಮಗ ನನ್ನ ಮ್ಯಾಲ ಸಿಟ್ಟದ ಅಂತ ಗೊತ್ತಿತ್ತು. ಆದ್ರ ಎಲ್ಲಾರ ಮುಂದ ಕಳ್ಳಿ ಅಂತೀರಿ ಅಂತ ಅನ್ಕೊಂಡಿರಲಿಲ್ಲರಿ..."

ಅಷ್ಟು ಹೇಳಿ ಎದ್ದು ಹೊರಗೆ ಹೋದಳು.

ವಿಲ್ಲಿ ಸರ್ ಅವಳ ಹಿಂದೆಯೇ ಓಡಿದರು. ಗೇಟಿನ ಹತ್ತಿರ ಉಸಿರು ಸಿಗದೆ ಗೋಡೆ ಹಿಡಿದು ನಿಂತರು. ಅವಳು ತಿರುಗಿ ನೋಡಿದಾಗ ಆ ದೊಡ್ಡ ಕಲಾವಿದ ಕೈ ಮುಗಿದು ನಿಂತಿದ್ದರು.

"ತಪ್ಪಾಯ್ತಮ್ಮ... ನಾನು ನನ್ನ ಮೇಲೆ ಪಡಬೇಕಿದ್ದ ಅನುಮಾನಾನ ನಿನ್ನ ಮೇಲೆ ಪಟ್ಟೆ."

ಅವಳು ವಾಪಸ್ ಬಂದಳು. ಅವರ ತೋಳು ಹಿಡಿದು ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದಳು.

ಮಾಲೀಕರಿಗೆ ವಿಲ್ಲಿ ಸರ್ ಒಂದೇ ಮಾತು ಹೇಳಿದರು. "ಬದಲಾಯಿಸೋದಾದ್ರೆ ನನ್ನ ಬದಲಾಯಿಸಿ. ಇವಳನ್ನಲ್ಲ."

ಮಾಲೀಕರು ಯಾರನ್ನೂ ಬದಲಾಯಿಸಲಿಲ್ಲ.

ಮುಂದಿನ ಭಾನುವಾರ ಕೊನೆಯ ಹಾಡಿಗೆ ಮೊದಲು ವಿಲ್ಲಿ ಸರ್ ಮೈಕ್ ತೆಗೆದುಕೊಂಡರು.

"ಇಷ್ಟು ದಿನ ನೀವು ಚಪ್ಪಾಳೆ ಹೊಡೆದ ಆ ಸ್ವರ ನನ್ನದಲ್ಲ," ಅಂದರು. "ಅದು ಈ ಹುಡುಗಿಯದು. ನನ್ನ ಮರ್ಯಾದೆ ಹೋಗಬಾರದು ಅಂತ ಹೆಸರು ಹೇಳದೆ ಕೊಡ್ತಿದ್ಳು."

ಹಾಡು ಶುರುವಾಯಿತು. ಕೆಳಗಿನ ಸ್ವರಗಳನ್ನು ಅವರು ಮೆಲ್ಲಗೆ, ಪ್ರೀತಿಯಿಂದ ಊದಿದರು. ಮೇಲೆ ಏರುವ ಜಾಗ ಬಂದಾಗ ತುಟಿಯಿಂದ ಟ್ರಂಪೆಟ್ ಇಳಿಸಿ, ಪಿಯಾನೋ ಕಡೆ ತಿರುಗಿ, ತಲೆ ಬಾಗಿಸಿದರು.

ಶಾಂಭವಿ ನುಡಿಸಿದಳು... ಕಣ್ಣೀರು ಒರೆಸಿಕೊಳ್ಳೋಕೂ ಕೈಗೆ ಬಿಡುವಿರಲಿಲ್ಲ.

ಊಟ ಬಿಟ್ಟು ಇಡೀ ರೆಸ್ಟೋರೆಂಟ್ ಎದ್ದು ನಿಂತಿತು.

*

*ನಮ್ಮ ಮಧ್ಯೆ ನುಗ್ಗಿದವರೆಲ್ಲ ನಮ್ಮನ್ನು ತಳ್ಳೋಕೆ ಬಂದವರಲ್ಲ... ಕೆಲವರು ನಾವು ಬೀಳದ ಹಾಗೆ ಹಿಡಿಯೋಕೆ ಬಂದಿರುತ್ತಾರೆ.*

ನೀವು ಅನುಮಾನಪಟ್ಟು ದೂರ ಇಟ್ಟವರು ಯಾರಾದರೂ ಇದ್ದಾರಾ? "ಯಾಕೆ ಹಾಗೆ ಮಾಡಿದೆ?" ಅಂತ ಅವರನ್ನು ಒಂದು ಸಲವಾದರೂ ಕೇಳಿದ್ದೀರಾ...?