ಶುಭೋದಯದ ಅವ್ವ

ಪಕ್ಕದ ಮನೆಯವರ ಕುಬಸದ ಬಟ್ಟೆ ಹಿಡಿದು ಬಂದ ಗಂಗವ್ವ ಬಾಗಿಲಲ್ಲೇ ನಿಂತಳು. ಯಾರೋ ಇಬ್ಬರು ಅವಳ ಹೊಲಿಗೆ ಮಷಿನ್ ಎತ್ತುತ್ತಿದ್ದರು.

"ಇದನ್ನ ಕೊಡ್ರಿ ಅಂತ ಯಾರು ಹೇಳಿದ್ರು?"

"ನೀವೇ, ಅತ್ತಿ," ಎಂದು ಸೊಸೆ ಸುವರ್ಣಾ ಮೊಬೈಲ್ ತೋರಿಸಿದಳು. "ನಿಮ್ಮ ಪಡಿಯಚ್ಚಿಗೆ ಕೇಳಿದೆ. ನಕ್ಕೋತ ಹೂಂ ಅಂತು."

ವಯಸ್ಸಾದವರಿಗೆಲ್ಲ ಮೊಬೈಲಿನಲ್ಲಿ ಒಂದು ಪಡಿಯಚ್ಚಿತ್ತು. ಅವರು ಕಳಿಸಿದ ಮೆಸೇಜುಗಳನ್ನು ಓದಿಯೇ ಅದು ಅವರ ಹಾಗೆಯೇ ಮಾತಾಡುತ್ತಿತ್ತು. ಅದರ ಒಪ್ಪಿಗೆಯೇ ಅವರ ಒಪ್ಪಿಗೆ. ಗಂಗವ್ವ ಮನೆಯ ಗ್ರೂಪಿಗೆ ಕಳಿಸಿದ್ದೆಲ್ಲ ಕಮಲದ ಹೂವಿನ ಶುಭೋದಯ. ಸಿಟ್ಟು ಬಂದ ದಿನ ಆಕೆ ಏನೂ ಕಳಿಸುತ್ತಿರಲಿಲ್ಲ. ಆ ಮೌನವನ್ನು ಪಡಿಯಚ್ಚು ಓದಿರಲೇ ಇಲ್ಲ.

"ನಾ ಪಕ್ಕದ ಮನಿಯಾಗ ಇದ್ನಲ್ಲ, ಒಂದು ಮಾತು ಕೇಳಾಕ ಆಗ್ಲಿಲ್ಲೇನು?"

"ನೀವು ಸಿಟ್ಟಾಗ್ತೀರಿ. ಅದು ಸಿಟ್ಟಾಗಂಗಿಲ್ಲ."

"ಹಂಗಾರ ನಾಳಿಂದ ರೊಟ್ಟಿ ಬಡಿಯಾಕೂ ಅದನ್ನ ಕರಿ!"

ಮೊಬೈಲಿನಿಂದ ಗಂಗವ್ವನದೇ ದನಿ ಬಂತು: "ಹೋಗ್ಲಿ ಬಿಡವಾ ಸುವರ್ಣಾ. ಮನಿಯಾಗ ಎಲ್ಲಾರೂ ನಕ್ಕೋತ ಇರೋಣ."

ಗಂಗವ್ವನ ಮುಖ ನೋಡಿ ಆ ಇಬ್ಬರು ಮಷಿನ್ ಕೆಳಗಿಟ್ಟರು. ಆಕೆ ಸ್ಟೂಲ್ ಎಳೆದು ಕೂತಳು, ಕುಬಸದ ಬಟ್ಟೆಯನ್ನು ಸೂಜಿಯ ಕೆಳಗೆ ಒತ್ತಿದಳು, ತನ್ನ ಆ ದನಿ ಕೇಳಿಸದಷ್ಟು ಜೋರಾಗಿ ತುಳಿಯತೊಡಗಿದಳು.