ಕಂಪ್ಯೂಟರಿನೊಳಗಿನ ವಿಭೂತಿ

ಪೆನ್ಸಿಲ್ ಅಳಿಸುವ ರಬ್ಬರಿನ ವಾಸನೆ ಬಂದರೆ ಈಗಲೂ ನನ್ನ ಮೈಯೆಲ್ಲ ಉರಿಯುತ್ತದೆ.

ತೆಲಂಗಾಣ ಬೇರೆ ರಾಜ್ಯವಾದ ವರ್ಷ, ದಸರೆಯ ಮರುದಿನ ಮಧ್ಯಾಹ್ನ, ಅಲ್ಲಿನ ಗಡಿಯೂರು ಮಕ್ತಲ್‌ನ ನಮ್ಮ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್ ಕೈಕೊಟ್ಟಿತು. ಚಾಲು ಮಾಡಿದರೆ ‘ನೋ ಸಿಗ್ನಲ್’ ಎಂಬ ಅಕ್ಷರ ಮೂಡಿ ಪರದೆ ಕಪ್ಪಾಗುತ್ತಿತ್ತು.

“ಗೇಮ್ ಆಡಿ ಕೆಡಿಸಿಟ್ಟೀಯೇನು!” ಗಿರಾಕಿಗಳ ಎದುರಿಗೇ ಅಪ್ಪ ನನ್ನ ಕೆನ್ನೆಗೆ ಹೊಡೆದ.

“ನಾ ಮುಟ್ಟೇ ಇಲ್ಲಪಾ” ಎಂದಿದ್ದಕ್ಕೆ ಇನ್ನೊಂದು ಬಿತ್ತು.

ಗದ್ವಾಲದಿಂದ ಬಂದ ಮೆಕ್ಯಾನಿಕ್, ನಾನೇ ಕೆಡಿಸಿದೆನೆಂಬ ಅಪ್ಪನ ದೂರು ಕೇಳುತ್ತ ಕಂಪ್ಯೂಟರಿನ ಡಬ್ಬಿ ಬಿಚ್ಚಿದ. ಆಯುಧಪೂಜೆಗೆಂದು ಅಪ್ಪ ಮೇಲಿನ ಜಾಲರಿಗೆ ಬಳಿದಿದ್ದ ವಿಭೂತಿ ಒಳಗೆಲ್ಲ ಉದುರಿತ್ತು. ಮೆಕ್ಯಾನಿಕ್ ಅದನ್ನು ಬಟ್ಟೆಯಿಂದ ಒರೆಸಿ, ನನ್ನ ರಬ್ಬರ್ ಇಸಿದುಕೊಂಡು ರ್‍ಯಾಮ್ ಎಂಬ ಮೆಮರಿ ಪಟ್ಟಿಯನ್ನು ತಿಕ್ಕಿ ಮತ್ತೆ ಕೂರಿಸಿದ. ಪರದೆ ಬೆಳಗಿತು.

“ಬೂದಿ ಹೊಕ್ಕಿತ್ರೀ ಸಾವಕಾರ್ರ, ಹುಡಿಗೀದು ತಪ್ಪಿಲ್ರಿ.”

ಅಪ್ಪ ನನ್ನ ಕಡೆ ನೋಡಲೇ ಇಲ್ಲ. ಬಟ್ಟೆಗಂಟಿದ ಬೂದಿಯನ್ನು ಬೆರಳಿಂದ ತೆಗೆದು, ಕಣ್ಣು ಮುಚ್ಚಿ ಭಕ್ತಿಯಿಂದ ಹಣೆಗೆ ಹಚ್ಚಿಕೊಂಡ.