ಮೂರು ಗುಂಡಿನ ಡಬ್ಬಿ

ನನ್ನ ಮೊಮ್ಮಗಳು ಒಂದು ಉಸಿರು ಎಳೆದಳೆಂದರೆ ಆಸ್ಪತ್ರೆಯ ಕಿಟಕಿ ಪರದೆಗಳೆಲ್ಲ ಅವಳತ್ತ ಹಾರಿ ಬರುತ್ತವೆ. ಹುಟ್ಟಿನಿಂದ ಇದ್ದ ಹೃದಯದ ತೂತನ್ನು ಆಪರೇಷನ್ ಮಾಡಿ ಮುಚ್ಚಿ ಆಗಿನ್ನೂ ನಾಲ್ಕೇ ದಿನ. ಶ್ವಾಸಕೋಶ ಅರಳಲೆಂದು, ಕೊಳವೆಯನ್ನು ಬಾಯಿಗಿಟ್ಟು ಉಸಿರೆಳೆದು ಮೂರು ಗುಂಡು ಏರಿಸುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಟ್ಟಿದ್ದರು. ಗಂಟೆಗೆ ಹತ್ತು ಸಲ ಎಂದರೆ ಇವಳು ಐವತ್ತು ಸಲ ಏರಿಸಿದಳೆಂದು ಚೀಟಿಯಲ್ಲಿ ಬರೆದಿಟ್ಟೆ.

ಫಿಸಿಯೋಥೆರಪಿ ಮೇಡಂ ಚೀಟಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಮೂರೂ ಏರಿಸ್ತಾಳಾ ತಾತ?”

“ಮೂರೇನು ಮೇಡಂ, ಹತ್ತಿದ್ರೆ ಹತ್ತೂ ಸೂರಿಗೆ ಬಡೀತಿದ್ವು! ನಮ್ಮ ವಂಶದ ಎದೆ ಅಂದ್ರೆ ಕಮ್ಮಾರನ ತಿದಿ ಇದ್ದಂಗೆ.”

“ಹಂಗಾದ್ರೆ ಎಡಗಡೆ ಶ್ವಾಸಕೋಶ ಯಾಕೆ ಇನ್ನೂ ಅರಳಿಲ್ಲ? ಜ್ವರ ಬೇರೆ ಬಂದಿದೆ.”

“ನಿಮ್ಮ ಎಕ್ಸ್‌ರೇ ಮಿಷನ್ನೇ ಹಳೇದಿರ್ಬೇಕು.”

“ನನ್ನ ಮುಂದೆ ಒಂದ್ಸಲ ಎಳೀಲಿ, ನೋಡೋಣ.”

“ಈಗ ತಾನೇ ಐವತ್ತು ಮುಗಿಸಿ ಸುಸ್ತಾಗಿದ್ದಾಳೆ.”

ಮೇಡಂ ಡಬ್ಬಿ ಎತ್ತಿಕೊಂಡು ಕೊಳವೆಯ ತುದಿ ನೋಡಿದರು. ಅದು ಕೆಂಪಗಾಗಿತ್ತು.

“ಸಿಸ್ಟರ್, ಸರ್ಜನ್ನಿಗೆ ಫೋನ್ ಮಾಡಿ! ಮಗು ರಕ್ತ ಕಾರಿದೆ. ಮತ್ತೆ ಥಿಯೇಟರಿಗೆ ಕರ್ಕೊಂಡು ಹೋಗ್ಬೇಕಾಗ್ಬಹುದು.”

ಮೊಮ್ಮಗಳು ಎದೆಗೆ ದಿಂಬು ಅವುಚಿಕೊಂಡು ನನ್ನ ಕಡೆ ನೋಡಿದಳು. ಸ್ಟ್ರೆಚರಿನ ಚಕ್ರದ ಸದ್ದು ಬಾಗಿಲವರೆಗೆ ಬಂತು.

“ನಿಲ್ಲಿ ಮೇಡಂ,” ಎಂದೆ. “ಅದು ರಕ್ತ ಅಲ್ಲ, ನನ್ನ ಎಲೆಅಡಿಕೆ. ಉಸಿರೆಳೆದ್ರೆ ಹೊಲಿಗೆ ನೋಯುತ್ತೆ ಅಂತ ಮಗು ಅಳ್ತಿತ್ತು. ಗುಂಡು ಏರಿಸಿದ್ದೆಲ್ಲ ನಾನು.”